ಸ್ಪ್ರಿಂಗ್ ಬ್ರೇಕ್‌ನಲ್ಲಿ ಅಪ್ಪ, ಅಮ್ಮ, ಮಕ್ಕಳೊಂದಿಗೆ ವಾಷಿಂಗ್ಟನ್: ಮೂರು ದಿನದಲ್ಲಿ ಏನು ನೋಡುವುದು, ಏನು ಬಿಡುವುದು?

ಪ್ರಶ್ನೆ: ಕ್ಯಾರಿಯ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾವು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ನೆಲೆಸಿದ್ದೇವೆ. ಏಪ್ರಿಲ್ ಮೊದಲ ವಾರ ಮಕ್ಕಳ ಶಾಲೆಗೆ ಸ್ಪ್ರಿಂಗ್ ಬ್ರೇಕ್ ಇದೆ. ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಬಂದು ಎರಡು ತಿಂಗಳಾಯಿತು. ಅವರನ್ನೂ ಕರೆದುಕೊಂಡು ಭಾನುವಾರ ಕಾರಿನಲ್ಲಿ ಹೊರಟು, ಸೋಮವಾರದಿಂದ ಬುಧವಾರದವರೆಗೆ ವಾಷಿಂಗ್ಟನ್ ನೋಡಿಕೊಂಡು ಬರಬೇಕೆಂದಿದ್ದೇವೆ.

ಅಪ್ಪನಿಗೆ 72 ವರ್ಷ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಮಂಡಿ ನೋವಿರುವುದರಿಂದ ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ನಡೆಯಲಾರರು. ಆದರೆ ನಡೆಯಲಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವರೂ ಅಲ್ಲ. ಅಮ್ಮ ಮೊಟ್ಟೆ ಬೆರೆತದ್ದನ್ನೂ ತಿನ್ನುವುದಿಲ್ಲ. ಮಗಳಿಗೆ ಹನ್ನೊಂದು, ಮಗನಿಗೆ ಆರು.

ಸೋಮವಾರ ಕ್ಯಾಪಿಟಲ್ (ಅಮೆರಿಕದ ಸಂಸತ್ ಭವನ), ಲೈಬ್ರರಿ ಆಫ್ ಕಾಂಗ್ರೆಸ್, ನ್ಯಾಷನಲ್ ಆರ್ಕೈವ್ಸ್ ಮತ್ತು ಎರಡು ಮ್ಯೂಸಿಯಂ. ಮಂಗಳವಾರ ವೈಟ್ ಹೌಸ್, ವಾಷಿಂಗ್ಟನ್ ಮಾನ್ಯುಮೆಂಟ್, ಲಿಂಕನ್, ಜೆಫರ್ಸನ್ ಸ್ಮಾರಕಗಳು ಮತ್ತು ಚೆರ್ರಿ ಹೂಗಳು. ಬುಧವಾರ ಪ್ರಾಣಿ ಸಂಗ್ರಹಾಲಯ ಮತ್ತು ಉಳಿದ ಮ್ಯೂಸಿಯಂಗಳು ಎಂದು ಪಟ್ಟಿ ಮಾಡಿದ್ದೇನೆ. ಇದು ಆಗುವ ಮಾತೇ? ಉಳಿದುಕೊಳ್ಳಲು ಯಾವ ಕಡೆ ಅನುಕೂಲ?

ಅಪ್ಪನಿಗೆ ಮುಖ್ಯವಾಗಿ ನೋಡಬೇಕಾಗಿರುವುದು ಲಿಂಕನ್ ಸ್ಮಾರಕ. ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರವನ್ನು ಅವರು ಪ್ರತಿ ವರ್ಷ ಶಿಕ್ಷಕರ ದಿನದಂದು ಮಕ್ಕಳೆದುರು ಓದುತ್ತಿದ್ದರು. ಆ ಪತ್ರದ ಮೂಲ ಪ್ರತಿ ಅಲ್ಲಿ ಎಲ್ಲಿಯಾದರೂ ನೋಡಲು ಸಿಗುತ್ತದೆಯೇ ಎಂದು ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪೊಟೊಮ್ಯಾಕ್ ದಂಡೆ

ನಾನು ಇಪ್ಪತ್ತು ವರ್ಷಗಳಿಂದ ಈ ಊರಿನ ಆಸುಪಾಸಿನಲ್ಲಿದ್ದೇನೆ. ಊರಿನಿಂದ ಬಂದ ಹಿರಿಯರನ್ನು ಪ್ರತಿ ವರ್ಷ ಎಂಬಂತೆ ಸುತ್ತಾಡಿಸಿರುವ ಅನುಭವದಿಂದ ಹೇಳುತ್ತೇನೆ, ನಿಮ್ಮ ಪಟ್ಟಿಯಲ್ಲಿ ಅರ್ಧವನ್ನು ಈಗಲೇ ಹೊಡೆದುಹಾಕಿ. ನಕ್ಷೆಯಲ್ಲಿ ಎಲ್ಲವೂ ಒತ್ತೊತ್ತಾಗಿ ಕಂಡರೂ, ಕ್ಯಾಪಿಟಲ್‌ನಿಂದ ಲಿಂಕನ್ ಸ್ಮಾರಕದವರೆಗಿನ ನ್ಯಾಷನಲ್ ಮಾಲ್ ಎಂಬ ಹುಲ್ಲುಬಯಲು ಸುಮಾರು ಮೂರು ಕಿಲೋಮೀಟರ್ ಉದ್ದವಿದೆ. ದೂರ ಕ್ರಮಿಸಿದ ಮೇಲೂ ಪ್ರತಿಯೊಂದು ಕಟ್ಟಡದಲ್ಲಿ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಮಂಡಿ ನೋವಿನವರಿಗೆ ನಡಿಗೆಗಿಂತ ಈ ನಿಲ್ಲುವಿಕೆಯೇ ಹೆಚ್ಚಿನ ಸಂಕಟ. ಮಾಲ್‌ನ ಒಂದು ತುದಿಗೆ ಒಂದು ದಿನ ಎಂದು ಇಟ್ಟುಕೊಳ್ಳಿ. ದಿನಕ್ಕೆ ಎರಡೇ ಕಟ್ಟಡಗಳ ಒಳಗೆ ಹೋಗಿ.

ಮೊದಲ ತಿದ್ದುಪಡಿ: ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಭಾನುವಾರ ಮತ್ತು ಸೋಮವಾರ ರಜೆ. ಆದ್ದರಿಂದ ಕ್ಯಾಪಿಟಲ್ ಮತ್ತು ಲೈಬ್ರರಿ ಎರಡನ್ನೂ ಮಂಗಳವಾರಕ್ಕೆ ಹಾಕಿ. ಎರಡಕ್ಕೂ ಪ್ರವೇಶ ಉಚಿತ, ಆದರೆ ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿಕೊಳ್ಳಿ. ಕ್ಯಾಪಿಟಲ್‌ನ ಸಂದರ್ಶಕರ ಕೇಂದ್ರದಿಂದ ಲೈಬ್ರರಿಗೆ ನೆಲದಡಿಯ ಸುರಂಗ ಮಾರ್ಗವಿದೆ; ಹೊರಗೆ ಬಂದು ರಸ್ತೆ ದಾಟುವ ಶ್ರಮ ತಪ್ಪುತ್ತದೆ.

ಕ್ಯಾಪಿಟಲ್‌ನ ಪ್ರವಾಸದಲ್ಲಿ ನಿಮ್ಮನ್ನು ಸ್ಟ್ಯಾಚುಅರಿ ಹಾಲ್‌ಗೆ ಕರೆದೊಯ್ಯುವುದುಂಟು. ಹಿಂದೆ ಅಲ್ಲಿಯೇ ಕೆಳಮನೆ ಸೇರುತ್ತಿತ್ತು. ಅದರ ಕಮಾನಿನ ಛಾವಣಿಯಿಂದಾಗಿ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತು ಪಿಸುಗುಟ್ಟಿದ್ದು ಕೋಣೆಯ ಇನ್ನೊಂದು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ತಂದೆಯವರನ್ನು ಒಂದು ಕಡೆ, ಮೊಮ್ಮಗಳನ್ನು ಇನ್ನೊಂದು ಕಡೆ ನಿಲ್ಲಿಸಿ ಕನ್ನಡದಲ್ಲೇ ಮಾತನಾಡಿಸಿ.

ಸೋಮವಾರ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನೋಡಿ. ಸ್ಮಿತ್ಸೋನಿಯನ್ ಎಂಬ ಮ್ಯೂಸಿಯಂ ಸಂಸ್ಥೆಗೆ ಸೇರಿದ ಇದಕ್ಕೆ ಟಿಕೆಟ್ಟೂ ಬೇಡ, ಕಾಯ್ದಿರಿಸುವುದೂ ಬೇಡ. ಡಿಸೆಂಬರ್ 25 ಬಿಟ್ಟು ವರ್ಷವಿಡೀ ತೆರೆದಿರುತ್ತದೆ. ಮಗನಿಗೆ ಡೈನೋಸಾರ್ ಇದೆ. ಹಿರಿಯರಿಗೆ ಹೋಪ್ ವಜ್ರವನ್ನು ತಪ್ಪದೆ ತೋರಿಸಿ. 45.52 ಕ್ಯಾರೆಟ್ ತೂಕದ ಈ ನೀಲಿ ಹರಳು ಕೃಷ್ಣಾ ತೀರದ ಕೊಲ್ಲೂರಿನ ಗಣಿಯದ್ದೆಂದು ನಂಬಲಾಗಿದೆ. ಇದು ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಗುಂಟೂರು ಸೀಮೆಯ ಕೊಲ್ಲೂರು. ತಾವೆರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ ಮೂಲ ಕಲ್ಲನ್ನು ಭಾರತದಿಂದ ಒಯ್ದು 1668ರಲ್ಲಿ ಹದಿನಾಲ್ಕನೆಯ ಲೂಯಿಗೆ ಮಾರಿದ. ಮುಂದೆ ಹಲವು ಕೈ ದಾಟಿ ಬಂದ ಈ ವಜ್ರವನ್ನು ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ 1958ರಲ್ಲಿ ಮ್ಯೂಸಿಯಂಗೆ ದಾನ ಮಾಡಿದಾಗ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದರು! ಮಕ್ಕಳಿಗೆ ಈ ಕಥೆಯನ್ನು ಮೊದಲೇ ಹೇಳಿ ಕರೆದೊಯ್ದರೆ ಗಾಜಿನ ಪೆಟ್ಟಿಗೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಅಲ್ಲಿಂದ ವಾಷಿಂಗ್ಟನ್ ಮಾನ್ಯುಮೆಂಟ್ ಸಮೀಪ. 555 ಅಡಿ ಎತ್ತರದ ಈ ಸ್ತಂಭವನ್ನು ಲಿಫ್ಟ್‌ನಲ್ಲಿ ಏರಬಹುದು. ಆನ್‌ಲೈನ್ ಟಿಕೆಟ್‌ಗೆ ಒಂದು ಡಾಲರ್ ಶುಲ್ಕವಿದ್ದು, ಮೂವತ್ತು ದಿನ ಮೊದಲೇ ಬಿಡುಗಡೆಯಾಗುತ್ತದೆ. ಸ್ಪ್ರಿಂಗ್ ಬ್ರೇಕ್ ಸಮಯದಲ್ಲಿ ಬೇಗನೆ ಮುಗಿದುಹೋಗುತ್ತದೆ. ಸಿಗದಿದ್ದರೆ ಕೆಳಗೆ ನಿಂತೇ ನೋಡಿ: ಸುಮಾರು 150 ಅಡಿ ಎತ್ತರದಲ್ಲಿ ಕಲ್ಲಿನ ಬಣ್ಣ ಬದಲಾಗಿದೆ. 1848ರಲ್ಲಿ ಆರಂಭವಾದ ಕೆಲಸ ಹಣದ ಕೊರತೆ ಮತ್ತು ಅಂತರ್ಯುದ್ಧದ ಕಾರಣ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತು, ಮತ್ತೆ ಆರಂಭವಾದಾಗ ಬೇರೆ ಗಣಿಯ ಅಮೃತಶಿಲೆ ಬಳಸಿ 1884ರಲ್ಲಿ ಮುಗಿಸಿದರು. ಇತಿಹಾಸ ಕಲಿಸಿದ ಮೇಷ್ಟ್ರಿಗೆ ಆ ಗೆರೆಯೊಂದೇ ಒಂದು ಪಾಠಕ್ಕೆ ಸಾಕು.

ವೈಟ್ ಹೌಸ್ ಒಳಗೆ ಹೋಗುವ ಆಸೆ ಈ ಸಲ ಬಿಡಿ. ಅದಕ್ಕೆ ಸಂಸದರ ಕಚೇರಿಯ ಮೂಲಕ ವಾರಗಳ ಮುಂಚೆ ಅರ್ಜಿ ಹಾಕಬೇಕು. ಲಫಾಯೆಟ್ ಉದ್ಯಾನದ ಕಡೆಯಿಂದ ಹೊರಗಿನ ನೋಟ ಸಾಕು. ಪ್ರಾಣಿ ಸಂಗ್ರಹಾಲಯವನ್ನೂ ಬಿಡಿ. ಅದು ಗುಡ್ಡದ ಇಳಿಜಾರಿನಲ್ಲಿದೆ.

ವರ್ಜೀನಿಯಾ ಬದಿಯ ಪೆಂಟಗನ್ ಸಿಟಿ ಅಥವಾ ಕ್ರಿಸ್ಟಲ್ ಸಿಟಿಯಲ್ಲಿ ಮೆಟ್ರೋ ನಿಲ್ದಾಣಕ್ಕೆ ಹತ್ತಿರವಿರುವ ಹೋಟೆಲ್ ಹಿಡಿಯಿರಿ, ಕಾರನ್ನು ಅಲ್ಲಿಯೇ ಬಿಡಿ. ಹಳೆಯ ಬರಹಗಳಲ್ಲಿ ಸರ್ಕ್ಯುಲೇಟರ್ ಎಂಬ ಅಗ್ಗದ ಬಸ್ಸನ್ನು ಹೊಗಳಿರುವುದನ್ನು ಕಾಣುತ್ತೀರಿ. ಅದು 2024ರ ಕೊನೆಗೆ ನಿಂತುಹೋಗಿದೆ, ಅದನ್ನು ನಂಬಿಕೊಳ್ಳಬೇಡಿ.

ಉತ್ತರ: ಹಾಸನದ ಹೆಣ್ಣುಮಗಳು

ಊಟದ ವಿಷಯ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಕಳೆದ ವರ್ಷ ನಮ್ಮ ಅತ್ತೆಯವರಿಗೆಂದು ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರಾನ್ನ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಡಬ್ಬಿಗಳಲ್ಲಿ ತುಂಬಿಕೊಂಡು ಹೋಗಿದ್ದೆ. ಕ್ಯಾಪಿಟಲ್ ಒಳಗೆ ಯಾವ ಆಹಾರವನ್ನೂ, ತುಂಬಿದ ನೀರಿನ ಬಾಟಲಿಯನ್ನೂ ಬಿಡುವುದಿಲ್ಲ. ನಿಯಮವನ್ನು ಮೊದಲೇ ಓದದ ತಪ್ಪು ನನ್ನದೇ. ತಪಾಸಣೆಯ ಬಾಗಿಲಲ್ಲಿ ಡಬ್ಬಿ ಬರಿದು ಮಾಡಬೇಕಾಗಿ ಬಂದಾಗ, ಅನ್ನ ಚೆಲ್ಲುವುದನ್ನು ಸಹಿಸಲಾರದೆ ನಮ್ಮ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಹತ್ತೂವರೆಗೇ ಊಟ ಮುಗಿಸಿದರು. ಆದ್ದರಿಂದ ಮಂಗಳವಾರ ಬುತ್ತಿ ಬೇಡ; ಖಾಲಿ ಬಾಟಲಿ ಒಯ್ದು ಒಳಗೆ ನೀರು ತುಂಬಿಕೊಳ್ಳಿ. ಉಳಿದೆರಡು ದಿನ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ ಮಾಲ್‌ನ ಹುಲ್ಲಿನ ಮೇಲೆ ಕುಳಿತು ತಿನ್ನಬಹುದು. ಹೋಟೆಲ್ ಕೋಣೆಯಲ್ಲಿ ಮೈಕ್ರೋವೇವ್ ಮತ್ತು ಚಿಕ್ಕ ಫ್ರಿಜ್ ಇದೆಯೇ ಎಂದು ಕೇಳಿಯೇ ಬುಕ್ ಮಾಡಿ.

ಸ್ಮಿತ್ಸೋನಿಯನ್ ಮ್ಯೂಸಿಯಂಗಳಲ್ಲಿ ವೀಲ್‌ಚೇರ್ ಉಚಿತವಾಗಿ ಕೊಡುತ್ತಾರೆ, ಮೊದಲು ಬಂದವರಿಗೆ ಮೊದಲು. ನಿಮ್ಮ ತಂದೆಯವರು ಕೂರಲು ಒಪ್ಪದಿದ್ದರೆ, ಚೀಲಗಳನ್ನು ಇಡಲೆಂದು ಹೇಳಿ ತೆಗೆದುಕೊಳ್ಳಿ. ನಮ್ಮ ಮಾವನವರು ಎರಡನೆಯ ಸಭಾಂಗಣಕ್ಕೆ ಬರುವಷ್ಟರಲ್ಲಿ ತಾವಾಗಿಯೇ ಕುಳಿತಿದ್ದರು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಮೊದಲು, ದಡದ ಸುತ್ತ ಚೆರ್ರಿ ಮರಗಳಿರುವ ಟೈಡಲ್ ಬೇಸಿನ್ ಎಂಬ ಕೊಳ ತಲುಪಿ. ಏಪ್ರಿಲ್ ಮೊದಲ ವಾರ ಯೊಶಿನೊ ಚೆರ್ರಿ ಹೂಗಳು ಇರಲೂಬಹುದು, ಉದುರಿರಲೂಬಹುದು. ಆ ವರ್ಷದ ಚಳಿಯನ್ನು ಅವಲಂಬಿಸಿದ್ದು. 1990ರಲ್ಲಿ ಮಾರ್ಚ್ 15ಕ್ಕೇ ಪೂರ್ತಿ ಅರಳಿದ್ದವು, 1958ರಲ್ಲಿ ಏಪ್ರಿಲ್ 18ರವರೆಗೆ ಕಾಯಿಸಿದ್ದವು. ಟೋಕಿಯೊ ನಗರ 1910ರಲ್ಲಿ ಕಳುಹಿಸಿದ ಮೊದಲ ಎರಡು ಸಾವಿರ ಗಿಡಗಳಲ್ಲಿ ಹುಳು, ರೋಗ ಕಂಡು ಸುಟ್ಟುಹಾಕಬೇಕಾಯಿತು. ಬೇಸರಿಸದೆ 1912ರಲ್ಲಿ ಮತ್ತೆ 3,020 ಗಿಡ ಕಳುಹಿಸಿದರು. ಇದನ್ನು ಕೇಳಿದ ಮೇಲೆ ನನಗೆ ಆ ಮರಗಳ ಮೇಲಿನ ಪ್ರೀತಿ ಇನ್ನೂ ಹೆಚ್ಚಿತು. ಕೊಂಬೆ ಎಳೆದು ಫೋಟೋ ತೆಗೆಯದಂತೆ ಮಕ್ಕಳಿಗೆ ಹೇಳಿ.

ಉತ್ತರ: ನಿವೃತ್ತ ಗ್ರಂಥಪಾಲಕ

ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಬರೆಯಲು ನಾನು ಸ್ವಲ್ಪ ಹಿಂಜರಿದೆ. ಆದರೆ ಮೇಷ್ಟ್ರಾದವರು ಸತ್ಯವನ್ನೇ ಬಯಸುತ್ತಾರೆಂದು ಬರೆಯುತ್ತಿದ್ದೇನೆ. ನಮ್ಮ ಶಾಲೆಗಳ ಗೋಡೆಗಳ ಮೇಲೆಲ್ಲ ತೂಗುಹಾಕಿರುವ ಆ ಪತ್ರವನ್ನು ಲಿಂಕನ್ ಬರೆದರೆಂಬುದಕ್ಕೆ ಯಾವ ಆಧಾರವೂ ಇಲ್ಲ. ಅವರ ಸಂಗ್ರಹಿತ ಬರಹಗಳಲ್ಲಿ ಅದು ಸೇರಿಲ್ಲ, ಮೂಲ ಹಸ್ತಪ್ರತಿ ಎಲ್ಲಿಯೂ ಇಲ್ಲ. ಪತ್ರದಲ್ಲಿರುವ ಮಾತುಗಳು ಒಳ್ಳೆಯವೇ, ಆದ್ದರಿಂದ ಅದನ್ನು ಓದಿಸಿದ್ದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ಅಲ್ಲಿಗೆ ಹೋಗಿ ನಿರಾಶರಾಗುವುದಕ್ಕಿಂತ ಹೊರಡುವ ಮೊದಲೇ ತಿಳಿದಿರಲಿ.

ಲಿಂಕನ್ ನಿಜವಾಗಿ ಆಡಿದ ಮಾತುಗಳು ಸ್ಮಾರಕದ ಒಳಗೆ ಕಲ್ಲಿನಲ್ಲಿಯೇ ಇವೆ. ದಕ್ಷಿಣದ ಗೋಡೆಯ ಮೇಲೆ 1863ರ ಗೆಟಿಸ್‌ಬರ್ಗ್ ಭಾಷಣ. ‘ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳ’ ಸರ್ಕಾರ ಎಂದು ನಾವೆಲ್ಲ ಪೌರನೀತಿಯಲ್ಲಿ ಬಾಯಿಪಾಠ ಮಾಡಿದ ಮಾತು ಅದರ ಕೊನೆಯ ಸಾಲು. ಉತ್ತರದ ಗೋಡೆಯ ಮೇಲೆ 1865ರ ಎರಡನೆಯ ಪ್ರಮಾಣವಚನದ ಭಾಷಣ. ಅದರಲ್ಲಿ ‘ಫ್ಯೂಚರ್’ ಎಂಬ ಪದದ ಮೊದಲ ಅಕ್ಷರವನ್ನು ಶಿಲ್ಪಿ ಎಫ್ ಬದಲು ಇ ಎಂದು ಕೆತ್ತಿ, ಆಮೇಲೆ ಕೆಳಗಿನ ಗೆರೆಯನ್ನು ತುಂಬಿ ಮುಚ್ಚಿದ್ದಾರೆ. ಗಮನವಿಟ್ಟು ನೋಡಿದರೆ ಈಗಲೂ ಕಾಣುತ್ತದೆ. ಹುಡುಕುವ ಕೆಲಸವನ್ನು ಮಗಳಿಗೆ ವಹಿಸಿ. ಹೊರಗೆ, ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ನಿಂತು ಭಾಷಣ ಮಾಡಿದ ಜಾಗವನ್ನೂ ಮೆಟ್ಟಿಲಿನಲ್ಲಿ ಕೆತ್ತಿ ಗುರುತಿಸಿದ್ದಾರೆ.

ಸ್ಮಾರಕ ಹಗಲು ರಾತ್ರಿ ತೆರೆದಿರುತ್ತದೆ. ಸಂಜೆ ಹೋಗಿ. ಮೆಟ್ರೋ ನಿಲ್ದಾಣ ದೂರವಾದ್ದರಿಂದ ಟ್ಯಾಕ್ಸಿಯಲ್ಲಿ ಹತ್ತಿರ ಇಳಿಯಿರಿ. ಮುಂಭಾಗದ ರಸ್ತೆಯ ಮಟ್ಟದಿಂದ 58 ಮೆಟ್ಟಿಲುಗಳಿವೆ; ಲಿಫ್ಟ್ ಇದೆ, ಆದರೆ ದುರಸ್ತಿಗೆಂದು ಮುಚ್ಚುವುದುಂಟಾದ್ದರಿಂದ ಹಿಂದಿನ ದಿನ ಸ್ಮಾರಕವನ್ನು ನೋಡಿಕೊಳ್ಳುವ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಲತಾಣದಲ್ಲಿ ನೋಡಿಕೊಳ್ಳಿ.

ಇನ್ನೊಂದು ಮಾತು. ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿರುವ ತನ್ನ ಕಚೇರಿಯ ಮೂಲಕ ದಶಕಗಳಿಂದ ಕನ್ನಡ ಪುಸ್ತಕಗಳನ್ನು ತರಿಸಿಕೊಳ್ಳುತ್ತಿದೆ. ಮನೆಯಲ್ಲಿಯೇ ಕುಳಿತು ಅದರ ಕ್ಯಾಟಲಾಗ್‌ನಲ್ಲಿ ನಿಮ್ಮ ತೀರ್ಥಹಳ್ಳಿಯ ಕುವೆಂಪು ಅವರ ಹೆಸರು ಹುಡುಕಿ ತಂದೆಯವರಿಗೆ ತೋರಿಸಿ. ಆ ಕಟ್ಟಡದೊಳಗೆ ಕಾಲಿಡುವಾಗ ಅದು ಅವರಿಗೆ ಪರಕೀಯವೆನಿಸುವುದಿಲ್ಲ.

ಮರಳಿ ಬಂದ ಮೇಲೆ: ಕ್ಯಾರಿಯ ಕನ್ನಡಿಗ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಪ್ರವಾಸ ಮುಗಿಸಿ ನಿನ್ನೆ ಮನೆ ಸೇರಿದೆವು.

ಪತ್ರದ ವಿಷಯವನ್ನು ಹೊರಡುವ ಹಿಂದಿನ ರಾತ್ರಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಬರೆದವರು ಯಾರು?’ ಎಂದಷ್ಟೇ ಕೇಳಿದರು. ಸೋಮವಾರ ಸಂಜೆ ಸ್ಮಾರಕಕ್ಕೆ ಹೋದೆವು. ದಕ್ಷಿಣದ ಗೋಡೆಯ ಮುಂದೆ ಕನ್ನಡಕ ಏರಿಸಿಕೊಂಡು ನಿಂತು, ಒಂದೊಂದು ಸಾಲನ್ನೂ ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಮೊಮ್ಮಗಳಿಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ಪಕ್ಕದಲ್ಲಿದ್ದ ಬೇರೆ ಮಕ್ಕಳೂ ಭಾಷೆ ತಿಳಿಯದೆಯೇ ಅವರತ್ತ ತಿರುಗಿ ನಿಂತರು. ಉತ್ತರದ ಗೋಡೆಯ ತಪ್ಪಕ್ಷರವನ್ನು ಮಗಳಿಗಿಂತ ಮೊದಲು ಕಂಡುಹಿಡಿದವರೂ ಅವರೇ.

ಮುಂದೆ ಹೋಗುವವರಿಗೆ ಒಂದೆರಡು ಸೂಚನೆ. ಒಂದು ಮ್ಯೂಸಿಯಂನಲ್ಲಿ ನಾವು ಹನ್ನೊಂದಕ್ಕೆ ತಲುಪುವ ವೇಳೆಗೆ ವೀಲ್‌ಚೇರ್‌ಗಳೆಲ್ಲ ಹೋಗಿಯಾಗಿತ್ತು. ಸ್ನೇಹಿತರಲ್ಲಿ ಯಾರ ಬಳಿಯಾದರೂ ಮಡಚುವ ವೀಲ್‌ಚೇರ್ ಇದ್ದರೆ ಕಾರಿನಲ್ಲಿ ಹಾಕಿಕೊಂಡೇ ಹೊರಡಿ. ಬುಧವಾರ ಬೆಳಿಗ್ಗೆ ನೀರಿನ ಬದಿಯಲ್ಲಿ ವಿಪರೀತ ಚಳಿ ಗಾಳಿಯಿತ್ತು. ಅಮ್ಮನಿಗೆ ಶಾಲು ಸಾಲದೆ ನನ್ನ ಜಾಕೆಟ್ ಹೊದಿಸಬೇಕಾಯಿತು. ಹೂ ಅರ್ಧ ಉದುರಿತ್ತು. ಅಮ್ಮ ಮಾತ್ರ ನೀರಿನ ಮೇಲೆ ತೇಲುತ್ತಿದ್ದ ಎಸಳುಗಳನ್ನೇ ನೋಡುತ್ತಾ ಮುಕ್ಕಾಲು ಗಂಟೆ ಬೆಂಚಿನಿಂದ ಏಳಲಿಲ್ಲ.