ಪಾಪು ಶಾಲೆ ವಿಷಯ, ಪೂರ್ತಿ ಕೇಳು ಪುಟ್ಟಿ

ಪುಟ್ಟಿ, ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದನ್ನು ಈಗ ನೋಡಿದೆ. ಕಿವಿಗೆ ಮೆಷಿನ್ ಹಾಕಿಕೊಂಡಿದ್ದರೂ ಪಾಪು ಕರೆದರೆ ತಿರುಗುವುದಿಲ್ಲ, ಉಕ್ತಲೇಖನದಲ್ಲಿ ಹತ್ತಕ್ಕೆ ಮೂರು, ಗಮನವೇ ಇಲ್ಲ ಅಂತ ಮಿಸ್ ಡೈರಿಯಲ್ಲಿ ಬರೆದಿದ್ದಾರೆ, ಶಾಲೆ ಬಿಡಿಸಲಾ ಅಂತ ಕೇಳಿದ್ದೀಯ. ನಿನ್ನ ಚಿಕ್ಕಪ್ಪ ನೋಡಿದರೆ ಹೋಗಿ ದಬಾಯಿಸಿ ಬಾ ಅಂದಿದ್ದಾರೆ. ಎರಡೂ ಬೇಡ ಕಣೇ.

ದಬಾಯಿಸೋದು ಯಾಕೆ ಬೇಡ ಅಂದರೆ, ನಾನು ಅದನ್ನು ಮಾಡಿ ನೋಡಿದ್ದೇನೆ. ನಮ್ಮ ಚಿನ್ನುಗೂ ಪಾಪು ಥರಾನೇ ಕಿವಿ ಸರಿಯಾಗಿ ಕೇಳುವುದಿಲ್ಲವಲ್ಲ, ಅವಳು ಒಂದನೇ ಕ್ಲಾಸಲ್ಲಿದ್ದಾಗ ನೇರ ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಕೂಗಾಡಿ ಬಂದೆ. ಮಾರನೇ ದಿನದಿಂದ ಅವಳನ್ನು ಬೈಯುವುದು ನಿಂತಿತು. ಪ್ರಶ್ನೆ ಕೇಳುವುದೂ ನಿಂತಿತು. ಇಡೀ ವರ್ಷ ಯಾರೂ ಅವಳನ್ನು ಎಬ್ಬಿಸಿ ಒಂದು ಮಾತು ಕೇಳಲಿಲ್ಲ, ಇವರಮ್ಮನ ತಂಟೆ ಯಾಕೆ ಅಂತ ಸುಮ್ನೆ ಬಿಟ್ಟುಬಿಟ್ಟರು. ಬೈಸಿಕೊಂಡಿದ್ದರೇ ವಾಸಿ ಇತ್ತು ಅಂತ ಈಗಲೂ ಅನಿಸುತ್ತದೆ ನನಗೆ.

ಎರಡನೇ ಕ್ಲಾಸಿಗೆ ಹೊಸ ಮಿಸ್ ಬಂದರು. ಆಗ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿ ಗ್ರಾಫ್ ಹಾಕಿ ಕೊಟ್ಟ ರಿಪೋರ್ಟ್ ಮನೆಯಲ್ಲೇ ಬಿಟ್ಟು ಹೋದೆ. ಆ ಗ್ರಾಫ್ ನೋಡಿ ಅವರಾದರೂ ಏನು ಮಾಡಬೇಕು ಹೇಳು? ಶಾಲೆ ಬಿಟ್ಟ ಮೇಲೆ ಅವರ ಎದುರಿಗೆ ಕೂತೆ. ಮಿಸ್, ನಾನು ದನಿ ಇಲ್ಲದೆ ಒಂದೊಂದು ಪದ ಹೇಳುತ್ತೇನೆ, ನನ್ನ ತುಟಿ ನೋಡಿ ಅದು ಯಾವುದು ಅಂತ ಹೇಳಿ ಅಂದೆ. ಮರ. ಬರ. ಪರ. ಅವರು ಮೂರು ಸಲ ನೋಡಿದರು, ಮೂರೂ ಒಂದೇ ಥರ ಕಾಣುತ್ತದಲ್ಲ ಅಂದರು. ನೀನೂ ಈಗ ಕನ್ನಡಿ ಮುಂದೆ ಹೇಳಿ ನೋಡು, ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಸರಿಯಾಗಿ ಕೇಳದ ಮಗು ತುಟಿ ನೋಡಿ ಅರ್ಧ ಊಹೆ ಮಾಡುತ್ತದೆ. ಪಾಪು ಉಕ್ತಲೇಖನದ ಪುಸ್ತಕ ತೆಗೆದು ತಪ್ಪುಗಳನ್ನು ನೋಡು, ಜಾಸ್ತಿ ಇವೇ ಅಕ್ಷರ ಇರುತ್ತವೆ ಅಂತ ನನ್ನ ಅಂದಾಜು. ಆವತ್ತಿನಿಂದ ಆ ಮಿಸ್ ಬರೀ 'ಮರ' ಅನ್ನುತ್ತಿರಲಿಲ್ಲ, 'ಮಾವಿನ ಮರ, ಮರ ಬರೀರಿ' ಅನ್ನುತ್ತಿದ್ದರು. ಅಷ್ಟೇ ಬದಲಾವಣೆ. ಇಡೀ ಕ್ಲಾಸಿಗೆ ಹಾಗೇ ಹೇಳುತ್ತಿದ್ದರು, ಇವಳೊಬ್ಬಳಿಗೇ ಅಂತ ಬೇರೆ ಮಕ್ಕಳಿಗೆ ಗೊತ್ತೂ ಆಗಲಿಲ್ಲ.

ಮಿಸ್‌ಗೆ ಇನ್ನೊಂದು ಮಾತು ಹೇಳು. ಮೆಷಿನ್ ಅಂದರೆ ಕನ್ನಡಕದ ಥರ ಅಲ್ಲ, ಹಾಕಿದ ತಕ್ಷಣ ಎಲ್ಲಾ ಸರಿ ಆಗುವುದಿಲ್ಲ. ಅದು ಮಿಸ್ ದನಿಯ ಜೊತೆ ಫ್ಯಾನ್ ಸದ್ದು, ಬೆಂಚ್ ಎಳೆಯುವ ಸದ್ದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಮಾತಾಡಿದರೆ ಪಾಪುಗೆ ದನಿಯೂ ಕಮ್ಮಿ, ತುಟಿಯೂ ಇಲ್ಲ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿದರೆ ಸಾಕು. ಮಿಸ್ ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ, ಅದನ್ನೂ ಹೇಳು. ಆದರೆ ಎಲ್ಲಾ ಒಂದೇ ದಿನ ಹೇಳಬೇಡ. ನಲವತ್ತು ಮಕ್ಕಳನ್ನು ನೋಡಿಕೊಳ್ಳುವವರಿಗೆ ಹತ್ತು ಮಾತು ಹೇಳಿದರೆ ಒಂದೂ ನಿಲ್ಲುವುದಿಲ್ಲ. ವಾರಕ್ಕೊಂದು ಹೇಳು, ಮುಂದಿನ ವಾರ ಹೋಗಿ ಹೇಗಾಯ್ತು ಮಿಸ್ ಅಂತ ಕೇಳು.

ಬ್ಯಾಟರಿ ವಿಷಯ ಮರೆಯಬೇಡ. ಅದು ಮಧ್ಯಾಹ್ನ ಸತ್ತರೆ ಮಗು ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ನೆ ಕೂತಿರುತ್ತದೆ, ಗಮನ ಇಲ್ಲ ಅಂತ ಡೈರಿಗೆ ಬರುವುದು ಅದೇ. ಒಂದು ಸಣ್ಣ ಡಬ್ಬಿಯಲ್ಲಿ ಎರಡು ಬ್ಯಾಟರಿ ಹಾಕಿ ಮಿಸ್ ಡ್ರಾಯರಲ್ಲಿ ಇಡು. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು ಅಂತ ಕೈಯಲ್ಲೇ ಮಾಡಿ ತೋರಿಸು. ಬಿಸಿಯೂಟದ ಅಕ್ಕನಿಗೂ ಹೇಳಿರು. ನಮ್ಮ ಚಿನ್ನು ತಟ್ಟೆಗೆ ಬಗ್ಗಿದಾಗ ಕಿವಿಯಲ್ಲಿ ಕುಯ್ ಅನ್ನುತ್ತದೆ ಅಂತ ಮೊದಲು ಹೇಳಿದ್ದೇ ನಮ್ಮ ಶಾಲೆಯ ಅಡುಗೆಯವರು. ಕಿವಿ ಬೆಳೆದು, ಮೆಷಿನ್‌ನದು ಕಿವಿಯೊಳಗೆ ಕೂರುವ ಅಚ್ಚು ಸಡಿಲ ಆಗಿತ್ತು, ಹೊಸ ಅಚ್ಚು ಮಾಡಿಸಿದ ಮೇಲೆ ನಿಂತಿತು. ಮನೆಯಲ್ಲಿ ನನಗೇ ಗೊತ್ತಾಗಿರಲಿಲ್ಲ.

ಇಷ್ಟಾದ ಮೇಲೂ ಹೆಡ್‌ಮಾಸ್ಟರ್ ಇವನನ್ನು ಸ್ಪೆಷಲ್ ಶಾಲೆಗೆ ಹಾಕಿ ಅಂದರೆ ಹೆದರಬೇಡ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಅಂಗವೈಕಲ್ಯದ ಸರ್ಟಿಫಿಕೇಟಲ್ಲಿ ಶೇಕಡ 40 ಅಥವಾ ಜಾಸ್ತಿ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ, ಯಾವುದು ಅನ್ನುವ ಆಯ್ಕೆ ಮಗುವಿನ ಕಡೆಯದು. ಆ ಮಾತು ಬಂದರೆ ಬರೆದು ಕೊಡಿ ಸರ್ ಅಂತ ಮೆತ್ತಗೆ ಕೇಳು. ನಿಮ್ಮದು ಸರ್ಕಾರಿ ಶಾಲೆ ಅಲ್ವಾ, ತಾಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅಂತ ಈ ಮಕ್ಕಳಿಗಾಗಿಯೇ ಇರುವ ಟೀಚರ್ ಇರುತ್ತಾರೆ, ಶಾಲೆಗೆ ಬಂದು ಹೋಗುತ್ತಾರೆ. ಅವರು ಬರುವ ದಿನ ಕೇಳಿಕೊಂಡು ನೀನೂ ಹೋಗು, ಮಿಸ್ ಜೊತೆ ಮೂವರೂ ಕೂತು ಮಾತಾಡಿ. ಯುಡಿಐಡಿ ಕಾರ್ಡ್, ಅದೇ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಇನ್ನೂ ಮಾಡಿಸಿಲ್ಲದಿದ್ದರೆ ಈ ರಜೆಯಲ್ಲಿ ಮಾಡಿಸಿಬಿಡು.

ಸೋಮವಾರ ಸಂಜೆ ಹೋಗು. ಬ್ಯಾಟರಿ ಡಬ್ಬಿ, ಉಕ್ತಲೇಖನದ ಪುಸ್ತಕ ಎರಡೇ ತಗೊಂಡು ಹೋಗು ಸಾಕು. ಆಮೇಲೆ ಪಾಪುಗೆ ಎಡಗಿವಿ ಚೆನ್ನಾಗಿ ಕೇಳುತ್ತದೋ ಬಲಗಿವಿಯೋ ಇವತ್ತೇ ಹೇಳು, ಅವನನ್ನು ಯಾವ ಬದಿಯ ಬೆಂಚಲ್ಲಿ ಕೂರಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.