ನಿರ್ವಹಣೆ, ಪಾಲನೆ, ಆಡಳಿತ: ಡೇಟಾಬೇಸ್ ನೋಡಿಕೊಳ್ಳುವವರನ್ನು ಏನೆಂದು ಕರೆಯೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಗದುಗಿನ ಪದವಿ ಕಾಲೇಜೊಂದು ತನ್ನ ಬಿಸಿಎ ಕೋರ್ಸಿನ ಪರಿಚಯಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿದೆ. ಅದನ್ನು ಓದುವವರು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಪಾಲಕರು. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಡ್ಡಾಯ ವಿಷಯಗಳಲ್ಲಿ ‘ದತ್ತಾಂಶ ಸಂಚಯ ನಿರ್ವಹಣಾ ವ್ಯವಸ್ಥೆ’ ಎಂದಿದೆ (ದತ್ತಾಂಶ ಸಂಚಯ ಎಂದರೆ ಡೇಟಾಬೇಸ್, ಗಣಕದಲ್ಲಿ ಜೋಡಿಸಿಟ್ಟ ಮಾಹಿತಿಯ ಸಂಗ್ರಹ). ಐಚ್ಛಿಕ ವಿಷಯಗಳಲ್ಲಿ ‘ಸರ್ವರ್ ಮತ್ತು ದತ್ತಾಂಶ ಸಂಚಯ ನಿರ್ವಹಣೆ’ ಎಂದಿದೆ. ಈ ಎರಡನೆಯದರ ವಿವರಣೆಯಲ್ಲಿ ‘ಸರ್ವರ್‌ಗಳ ನಿಯಮಿತ ನಿರ್ವಹಣೆಯನ್ನು ಕಲಿಸಲಾಗುವುದು’ ಎಂಬ ವಾಕ್ಯ ಬೇರೆ. ಇಂಗ್ಲಿಷ್ ಪಠ್ಯಕ್ರಮದಲ್ಲಿ ಈ ಮೂರು ಜಾಗಗಳಲ್ಲಿ ಕ್ರಮವಾಗಿ ಮ್ಯಾನೇಜ್‌ಮೆಂಟ್, ಅಡ್ಮಿನಿಸ್ಟ್ರೇಶನ್, ಮೇಂಟೆನೆನ್ಸ್ ಇವೆ. ಒಂದೇ ವಿಷಯವನ್ನು ಎರಡು ಬಾರಿ ಏಕೆ ಕಲಿಸುತ್ತೀರಿ ಎಂದು ಪಾಲಕರು ಕೇಳಿದರೆ ಕಾಲೇಜಿನವರು ಪೇಚಿಗೆ ಸಿಲುಕುತ್ತಾರೆ.

ಮೊದಲನೆಯದು ತಂತ್ರಾಂಶದ ಒಂದು ವರ್ಗದ ಹೆಸರು. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎಲ್ಲವೂ ಆ ವರ್ಗಕ್ಕೆ ಸೇರಿದವು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವುದು, ಒಂದೇ ಸಾಲನ್ನು ಇಬ್ಬರು ಒಟ್ಟಿಗೆ ತಿದ್ದಲು ಹೊರಟಾಗ ಒಬ್ಬರನ್ನು ಕಾಯಿಸುವುದು, ನಡುವೆ ವಿದ್ಯುತ್ ಹೋದರೆ ಅರ್ಧಕ್ಕೆ ನಿಂತ ಬದಲಾವಣೆಯನ್ನು ರದ್ದು ಮಾಡಿ ಹಿಂದಿನ ಸ್ಥಿತಿಗೆ ತರುವುದು, ಇವೆಲ್ಲ ತಂತ್ರಾಂಶ ತಾನೇ ಮಾಡಿಕೊಳ್ಳುವ ಕೆಲಸಗಳು. ಇದಕ್ಕೆ ‘ನಿರ್ವಹಣೆ’ ಒಪ್ಪುತ್ತದೆ, ಬಳಕೆಯಲ್ಲೂ ನಿಂತಿದೆ.

ಎರಡನೆಯದು ಮನುಷ್ಯರ ಕೆಲಸ. ಓದುವ ಹಕ್ಕು ಯಾರಿಗೆ, ತಿದ್ದುವ ಹಕ್ಕು ಯಾರಿಗೆ ಎಂಬುದನ್ನು ಜಾರಿಗೆ ತರಬೇಕು. ಡಿಸ್ಕ್ ತುಂಬುವ ಮೊದಲೇ ಎಚ್ಚೆತ್ತುಕೊಳ್ಳಬೇಕು. ಬ್ಯಾಕಪ್ ತೆಗೆಯಬೇಕು, ತೆಗೆದದ್ದು ಮರಳಿ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಇನ್ನೊಂದು ಯಂತ್ರದಲ್ಲಿ ಪ್ರತಿ ಸಿದ್ಧವಾಗುತ್ತಲೇ ಇರುವುದರಿಂದ ಬ್ಯಾಕಪ್ ಬೇಡ ಎಂದು ವಾದಿಸುವವರಿದ್ದಾರೆ. ಇಲ್ಲಿ ತಪ್ಪಿ ಅಳಿಸಿದ್ದು ಕ್ಷಣದಲ್ಲಿ ಅಲ್ಲಿಯೂ ಅಳಿದುಹೋಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಪಹಣಿಯ ಉದಾಹರಣೆಯಿಂದ ಈ ವ್ಯತ್ಯಾಸ ನಮ್ಮ ಕಡೆಯವರಿಗೆ ಬೇಗ ಮನದಟ್ಟಾಗುತ್ತದೆ. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಬಂದವು. ಸರ್ವೆ ನಂಬರ್ ಒಂದರಿಂದಲೇ ಹೊಲ ಸಿಗುವುದಿಲ್ಲ, ಅದೇ ನಂಬರ್ ಪಕ್ಕದ ಊರಿನಲ್ಲಿಯೂ ಇರುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಇವೆಲ್ಲ ಕೂಡಿದಾಗ ಮಾತ್ರ ಒಂದು ತುಂಡು ಭೂಮಿ ನಿಖರವಾಗಿ ಗುರುತಾಗುತ್ತದೆ. ಹಾಗೆ ಹುಡುಕಿ ಕೊಡುವುದು ನಿರ್ವಹಣಾ ವ್ಯವಸ್ಥೆ. ವಾರಸಾ ಆದಾಗ ಹೆಸರು ಬದಲಾಯಿಸುವುದು ಕಂದಾಯ ಇಲಾಖೆಯವರ ಅಧಿಕಾರ. ಆ ಅಧಿಕಾರಿಗೆ ಲಾಗಿನ್ ಕೊಡುವುದು, ಅವರು ವರ್ಗವಾಗಿ ಹೋದಾಗ ಅದನ್ನು ಹಿಂಪಡೆಯುವುದು ಅಡ್ಮಿನಿಸ್ಟ್ರೇಶನ್. ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಹೀಗೆ ಹಕ್ಕು ಕೊಡಲು ಗ್ರ್ಯಾಂಟ್, ಕಿತ್ತುಕೊಳ್ಳಲು ರಿವೋಕ್ ಎಂಬ ಆಜ್ಞೆಗಳೇ ಇವೆ. ಈ ಕೊಡುವ, ಕೀಳುವ ಅಧಿಕಾರ ‘ನಿರ್ವಹಣೆ’ ಎಂಬ ಪದದಲ್ಲಿ ನನಗೆ ಕೇಳಿಸುವುದಿಲ್ಲ.

ಮೂರನೆಯದಕ್ಕೆ ಹೊಸ ಪದ ಬೇಕಿಲ್ಲ. ವಿದ್ಯುತ್ ಕಂಪನಿಗಳಲ್ಲಿ ‘ಕಾರ್ಯ ಮತ್ತು ಪಾಲನೆ’ ವಿಭಾಗಗಳಿವೆ, ಹುಬ್ಬಳ್ಳಿಯ ಹೆಸ್ಕಾಂನ ಫಲಕಗಳಲ್ಲಿಯೂ ಅದೇ ಇದೆ. ಮೇಂಟೆನೆನ್ಸ್ ಎಂದರೆ ಪಾಲನೆ. ಇಷ್ಟು ಒಳ್ಳೆಯ ಪದವನ್ನು ಕಂಬ ತಂತಿಗಳಿಗೇ ಬಿಟ್ಟುಕೊಟ್ಟು, ಉಳಿದೆಲ್ಲ ಕಡೆ ನಾವು ‘ನಿರ್ವಹಣಾ ಕಾಮಗಾರಿ’ ಎಂದು ಏಕೆ ಬರೆಯುತ್ತಿದ್ದೇವೆಯೋ!

ಇನ್ನು ವ್ಯಕ್ತಿಯ ಹೆಸರು. ತೊಡಕು ಇರುವುದು ಇಲ್ಲಿಯೇ. ಕನ್ನಡ ವಿಕಿಪೀಡಿಯದಲ್ಲಿ ಅಡ್ಮಿನ್‌ಗಳನ್ನು ‘ನಿರ್ವಾಹಕರು’ ಎನ್ನುತ್ತಾರೆ. ಆದರೆ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯ ಸುತ್ತಮುತ್ತ ನಿರ್ವಾಹಕ ಎಂದರೆ ಟಿಕೆಟ್ ಹರಿಯುವವರು. ‘ಚಾಲಕ ಕಂ ನಿರ್ವಾಹಕ’ ಹುದ್ದೆಗೆ ಅರ್ಜಿ ಹಾಕಿದ ಮಗನಿರುವ ಮನೆಯಲ್ಲಿ ‘ದತ್ತಾಂಶ ನಿರ್ವಾಹಕ’ ಎಂದರೆ ಏನು ತಿಳಿದುಕೊಂಡಾರು? ‘ಆಡಳಿತಾಧಿಕಾರಿ’ ಎನ್ನೋಣವೆಂದರೆ, ಗ್ರಾಮಲೆಕ್ಕಿಗರು ಈಗ ‘ಗ್ರಾಮ ಆಡಳಿತ ಅಧಿಕಾರಿ’ ಆಗಿದ್ದಾರೆ, ಚುನಾಯಿತ ಮಂಡಳಿ ಇಲ್ಲದ ಪಾಲಿಕೆಗೂ ಆಡಳಿತಾಧಿಕಾರಿ ಬರುತ್ತಾರೆ. ಸರ್ಕಾರಿ ನೌಕರಿಯ ಕೋರ್ಸು ಎಂದು ನಂಬಿ ಸೀಟು ಹಿಡಿದರೆ ಹೊಣೆ ಯಾರದು? ‘ಆಡಳಿತಗಾರ’ ಎಂದರೆ ರಾಜಮನೆತನದ ವಾಸನೆ. ಊರಿನ ಪದವೇ ಬೇಕೆಂದರೆ ‘ಕಾರಭಾರಿ’ ಇದೆ. ಈ ಭಾಗದ ಹಳೆಯ ಸಂಸ್ಥಾನಗಳಲ್ಲಿ ಅದು ಗೌರವದ ಹುದ್ದೆಯೇ ಆಗಿತ್ತು. ಈಗ ಧಾರವಾಡದಲ್ಲಿ ‘ಏನಿದು ನಿನ್ನ ಕಾರಭಾರ’ ಎಂದರೆ ಬೈಗುಳಕ್ಕೆ ಹತ್ತಿರ, ಹಾಗಾಗಿ ಮನಸ್ಸಿದ್ದರೂ ಬಿಟ್ಟೆ.

ಉಳಿದದ್ದು ‘ಉಸ್ತುವಾರಿ’. ಜಿಲ್ಲಾ ಉಸ್ತುವಾರಿ ಸಚಿವರಿಂದಾಗಿ ಎಲ್ಲರಿಗೂ ಗೊತ್ತಿರುವ ಪದ. ಕೆಲಸಕ್ಕೂ ಸಲ್ಲುತ್ತದೆ, ‘ಉಸ್ತುವಾರಿ ಯಾರು’ ಎಂದು ವ್ಯಕ್ತಿಗೂ ಸಲ್ಲುತ್ತದೆ. ಕೊರತೆಯೆಂದರೆ, ಉಸ್ತುವಾರಿ ಹೊತ್ತವರು ದೂರದಿಂದ ನೋಡುತ್ತಾರೆ, ಕೆಲಸ ಬೇರೆಯವರು ಮಾಡುತ್ತಾರೆ. ಡೇಟಾಬೇಸ್ ಅಡ್ಮಿನ್ ಮಾತ್ರ ಮಧ್ಯರಾತ್ರಿ ತಾನೇ ಕುಳಿತು ಆಜ್ಞೆಗಳನ್ನು ಟೈಪ್ ಮಾಡಬೇಕು.

ಸದ್ಯಕ್ಕೆ ನನ್ನ ಒಲವು ಹೀಗಿದೆ. ತಂತ್ರಾಂಶಕ್ಕೆ ‘ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ’, ಐಚ್ಛಿಕ ವಿಷಯಕ್ಕೆ ‘ಸರ್ವರ್ ಮತ್ತು ಡೇಟಾಬೇಸ್ ಆಡಳಿತ’, ದಿನನಿತ್ಯದ ಕೆಲಸಕ್ಕೆ ‘ಪಾಲನೆ’. ಸಾರ್ವಜನಿಕ ಆಡಳಿತ ಎಂಬ ವಿಷಯ ಕಾಲೇಜುಗಳಲ್ಲಿ ಮೊದಲೇ ಇರುವುದರಿಂದ ವಿಷಯದ ಹೆಸರಾಗಿ ಆಡಳಿತ ಹೊಸದೆನಿಸದು. ವ್ಯಕ್ತಿಗೆ ಮಾತ್ರ ಪದ ಹೊಳೆಯುತ್ತಿಲ್ಲ, ‘ಅಡ್ಮಿನ್’ ಎಂದೇ ಬಿಡುವುದೋ ಏನೋ. ವಾಟ್ಸ್ಆ್ಯಪ್ ಗುಂಪುಗಳ ದಯೆಯಿಂದ ಆ ಪದ ಹಳ್ಳಿಹಳ್ಳಿಗೂ ಮುಟ್ಟಿದೆ.

‘ಸರ್ವರ್’ಗೆ ‘ಪರಿಚಾರಕ’ ಎಂದು ಬರೆಯಿರಿ ಎಂದು ದಯವಿಟ್ಟು ಯಾರೂ ಸೂಚಿಸಬೇಡಿ. ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಅಜ್ಜಿಗೂ ಸರ್ವರ್ ಗೊತ್ತು, ಅದು ಇಲ್ಲದಿರುವುದು ಇನ್ನೂ ಚೆನ್ನಾಗಿ ಗೊತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಇ-ಟೆಂಡರ್‌ಗೆ ಮೆಣಸಿನಕಾಯಿ ಚೀಲ ಇಟ್ಟವರಿಗೂ ಅಷ್ಟೇ.

ಜೊತೆಗೆ ಇನ್ನೊಂದು. ರಿಲೇಶನಲ್ ಡೇಟಾಬೇಸ್‌ಗೆ ಕರಡಿನಲ್ಲಿ ‘ಸಂಬಂಧಿತ ದತ್ತಾಂಶ ಸಂಚಯ’ ಎಂದಿದೆ. ಇದನ್ನು ಓದಿದರೆ ‘ಸಂಬಂಧಪಟ್ಟ ಕಚೇರಿ’ ನೆನಪಾಗುತ್ತದೆ. ಕೋಷ್ಟಕ ಕೋಷ್ಟಕಗಳ ನಡುವಿನ ನಂಟಿನಿಂದ ಈ ಹೆಸರು ಬಂತೆಂದು ಪಾಠ ಹೇಳುವವರೂ ಉಂಟು. ಗಣಕ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಈ ಮಾದರಿಯನ್ನು ಮುಂದಿಟ್ಟಾಗ ರಿಲೇಶನ್ ಪದವನ್ನು ಗಣಸಿದ್ಧಾಂತದ ಅರ್ಥದಲ್ಲಿ ಬಳಸಿದರು. ಅಲ್ಲಿ ಒಂದೊಂದು ಕೋಷ್ಟಕವೂ ತಾನೇ ಒಂದು ಸಂಬಂಧ. ಕನ್ನಡ ಗಣಿತ ಪಠ್ಯಗಳ ‘ಸಂಬಂಧಗಳು ಮತ್ತು ಉತ್ಪನ್ನಗಳು’ ಪಾಠದ ಸಂಬಂಧ ಇದೇ. ಹಾಗಾದರೆ ‘ಸಂಬಂಧಾತ್ಮಕ’ ಎನ್ನೋಣವೇ, ಅಥವಾ ಪಾಲಕರಿಗಾಗಿ ‘ಕೋಷ್ಟಕ ಮಾದರಿಯ ಡೇಟಾಬೇಸ್’ ಎಂದರೆ ಸಾಕೇ?

ಧಾರವಾಡ, ಹಾವೇರಿಯ ಕಾಲೇಜುಗಳಲ್ಲಿ ಈ ವಿಷಯಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಅಧ್ಯಾಪಕರು ಇಲ್ಲಿ ಕೆಲವರಾದರೂ ಇದ್ದೀರಿ. ಪದಕೋಶದಲ್ಲಿ ಏನಿದೆ ಎಂಬುದಕ್ಕಿಂತ, ತರಗತಿಯಲ್ಲಿ ನೀವು ಯಾವ ಪದ ಬಳಸುತ್ತೀರಿ, ವಿದ್ಯಾರ್ಥಿಗಳು ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂದು ತಿಳಿಸಿದರೆ ಕರಡು ತಿದ್ದಲು ನೆರವಾಗುತ್ತದೆ.