ತಲೆ ಗಿರಗಿರ ಅಂದಾಗ ಪೆನ್ನು ಹಿಡಿದವರು ಇದ್ದೀರಾ?

ಬೆಂಗಳೂರಿನಲ್ಲಿ ಕೆಲಸ. ಊರು ತೀರ್ಥಹಳ್ಳಿ ಕಡೆ. ಅಲ್ಲಿ ಅಮ್ಮ ಒಬ್ಬರೇ, ಜೊತೆಗೆ ಅಡಿಕೆ ತೋಟ. ಹೋಗಲಾ, ಇಲ್ಲೇ ಇರಲಾ ಅಂತ ಎಂಟು ತಿಂಗಳಿಂದ ಅದೇ ಯೋಚನೆ. ದಿನಾ ಕೈಯಲ್ಲಿ ಬರೆದರೆ ಒಳಗಿರುವುದು ತಾನೇ ಹೊರಗೆ ಬರುತ್ತದೆ ಅಂತ ಗೆಳತಿ ಹೇಳಿದಳು. ಮಾಡಿ ನೋಡಿದವರು ಹೇಳಿ.

ದಾವಣಗೆರೆಯಿಂದ:
ನಾನು ಮಾಡಿದ್ದೇನೆ. ಅಣ್ಣನ ಜೊತೆ ಸೇರಿ ಸೈಟು ತೆಗೆದುಕೊಳ್ಳುವುದಾ ಬೇಡವಾ ಅನ್ನುವ ಗೊಂದಲ ಇತ್ತು. ಬ್ಯಾಂಕಿನವರು ಕೊಟ್ಟ ಹಳೇ ಡೈರಿ ಖಾಲಿ ಬಿದ್ದಿತ್ತು. ಬೆಳಿಗ್ಗೆ ಕಾಫಿ ಆದಮೇಲೆ, ಮೊಬೈಲ್ ಮುಟ್ಟುವ ಮೊದಲು ಎರಡು ಪುಟ. ಮೊದಲ ಮೂರು ದಿನ ಬರೀ ಲೆಕ್ಕ: ಇಎಂಐ, ರಿಜಿಸ್ಟ್ರೇಷನ್ ಖರ್ಚು, ಚದರಡಿ ರೇಟು. ಇದನ್ನು ಎಕ್ಸೆಲ್‌ನಲ್ಲೇ ಮಾಡಬಹುದಿತ್ತಲ್ಲ ಅನ್ನಿಸಿತು. ವಾರ ಕಳೆದ ಮೇಲೆ ಸುಮ್ನೆ ಪುಟ ತಿರುವಿದೆ. ಆಮೇಲಿನ ದಿನಗಳಲ್ಲಿ ಶುರುವಾಗಿದ್ದು ದುಡ್ಡಿನಿಂದ, ಮುಗಿದದ್ದು ಅತ್ತಿಗೆ ಯಾವತ್ತೋ ಆಡಿದ ಒಂದು ಮಾತಿನಲ್ಲಿ. ಐದು ಕಡೆ ಅದೇ ಮಾತು! ಅಣ್ಣನ ಹತ್ತಿರ "ಜಂಟಿ ಬೇಡ" ಅಂತ ಬಾಯಿಬಿಡಲು ಹೆದರಿಕೊಂಡು ಇಷ್ಟು ದಿನ ಬಡ್ಡಿ ಲೆಕ್ಕ ಹಾಕುತ್ತಿದ್ದೆ.

ಟೈಪ್ ಮಾಡುವಾಗ ಬೇಡದ್ದನ್ನು ಅಳಿಸಿಬಿಡುತ್ತೇವೆ, ಗುರುತೇ ಉಳಿಯುವುದಿಲ್ಲ. ಕಾಗದದಲ್ಲಿ ಹೊಡೆದುಹಾಕಿದ ಸಾಲೂ ಓದಲು ಸಿಗುತ್ತದೆ. ನೀವೂ ವಾರ ಬಿಟ್ಟು ಓದಿ. ಎಲ್ಲಿ ಜಾಸ್ತಿ ಗೀಚಿದ್ದೀರಿ, ಅಲ್ಲಿ ಸ್ವಲ್ಪ ನಿಲ್ಲಿ.

ಹುಬ್ಬಳ್ಳಿಯಿಂದ:
ನನಗೆ ಉಲ್ಟಾ ಹೊಡೆಯಿತು. ಅಪ್ಪ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ರಾತ್ರಿ ಬರೆದೆ. ಅದೇ ಗೋಳು, ದುಂಡಗಿನ ಅಕ್ಷರದಲ್ಲಿ. ನಿದ್ದೆಯೂ ಹೋಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಕಾಲೇಜು ಹುಡುಗರಿಂದ ಬರೆಸಿದ್ದು ದಿನಕ್ಕೆ 15 ನಿಮಿಷ, ಅದೂ ಸಾಲಾಗಿ 4 ದಿನ ಮಾತ್ರ ಅಂತ ಆಮೇಲೆ ಓದಿದೆ. ಬರೆದ ಕೂಡಲೇ ಅವರಿಗೂ ಬೇಜಾರೇ ಜಾಸ್ತಿ ಆಗಿತ್ತಂತೆ. ನೋವನ್ನೂ ನಡೆದದ್ದನ್ನೂ ಸೇರಿಸಿ ಬರೆದವರು ಮಾತ್ರ ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಈಗ ನಾನು ಟೈಮರ್ ಇಟ್ಟುಕೊಳ್ಳುತ್ತೇನೆ. ವಾಕ್ಯ ಅರ್ಧವಾಗಿದ್ದರೂ ನಿಲ್ಲಿಸುತ್ತೇನೆ. ಬರೆದಷ್ಟೂ ಮನಸ್ಸು ಕುಸಿಯುತ್ತಿದ್ದರೆ ಪುಸ್ತಕ ಮುಚ್ಚಿ, ಯಾರ ಹತ್ತಿರವಾದರೂ ಮಾತಾಡಿ.

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:
ಹೋಗುವುದಾ ಇರುವುದಾ ಅನ್ನುವ ಪ್ರಶ್ನೆಗೆ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ ದಾರಿ ಇದೆಯಮ್ಮ. 1772ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿದೆ. ಪ್ರೀಸ್ಟ್ಲಿಗೂ ಹೊಸ ಕೆಲಸ ಒಪ್ಪುವುದಾ ಬೇಡವಾ ಅನ್ನುವ ತೊಳಲಾಟ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ. ಕೂತಲ್ಲೇ ಮುಗಿಸಬಾರದು, ಮೂರು ನಾಲ್ಕು ದಿನ ಹೊಳೆದ ಹಾಗೆ ಸೇರಿಸಬೇಕು. ಸಮ ತೂಕದ್ದನ್ನು ಎರಡೂ ಕಡೆ ಹೊಡೆದುಹಾಕಬೇಕು. ನಾನು ವರ್ಗಾವಣೆ ಕೇಳುವಾಗ ಹೀಗೆ ಮಾಡಿದೆ. "ಬೇಡ" ಗೆದ್ದಿತು. ನೋಡಿ ನನಗೆ ಅಯ್ಯೋ ಅನ್ನಿಸಿತು. ಮಾರನೇ ದಿನ ಅರ್ಜಿ ಕೊಟ್ಟೆ!

ಇನ್ನೊಂದು. "ಯಾಕೋ ಮನಸ್ಸು ಒಪ್ಪುತ್ತಿಲ್ಲ" ಅನ್ನಿಸಿದಾಗೆಲ್ಲ ತಾರೀಖು ಹಾಕಿ ಒಂದು ಸಾಲು ಬರೆದಿಡುತ್ತೇನೆ, ಮೂರು ತಿಂಗಳಿಗೆ ತೆಗೆದು ನೋಡುತ್ತೇನೆ. ಮನುಷ್ಯರ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚಾಗಿ ಸರಿ ಹೇಳಿದೆ. ದುಡ್ಡಿನ ವಿಷಯದಲ್ಲಿ ಅದು ಬರೀ ಪುಕ್ಕಲುತನ. ಬರೆದಿಡದಿದ್ದರೆ ಎರಡನ್ನೂ ಒಂದೇ ಅಂದುಕೊಂಡಿರುತ್ತಿದ್ದೆ.

ಉಡುಪಿಯಿಂದ:
ಪುಸ್ತಕ ಎಲ್ಲಿಡುತ್ತೀರಿ ಅನ್ನುವುದನ್ನು ಮೊದಲು ಯೋಚಿಸಿ. ನನ್ನದು ನಮ್ಮತ್ತೆಯ ಕೈಗೆ ಸಿಕ್ಕಿತ್ತು. ಈಗ ಬರೆದು, ಓದಿ, ಬಚ್ಚಲ ಒಲೆಗೆ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಒಂದೂವರೆ ಪುಟ ಬರೆದೆ. ಅಡಿಕೆಯ ಕೊಳೆ ರೋಗ, ಔಷಧಿ ಹೊಡೆಯುವವರು ಸಿಗದಿರುವುದು, ಪಿಎಫ್, ಇದೇ ಬಂತು. ಓದಿ ನೋಡಿದರೆ "ಅಮ್ಮ" ಅನ್ನುವ ಪದ ಎಲ್ಲೂ ಇಲ್ಲ. ಇವತ್ತು ಮತ್ತೆ ಕೂರುತ್ತೇನೆ.